ಫಣಿರಾಯನ ಭಾರ

ಒಂದೇ ಕಥೆಯ ಸುತ್ತ ಪುಸ್ತಕಗಳು ಬೆಳೆಯುತ್ತಲೇ ಹೋದಾಗ ಓದುಗನಿಗೆ ಆಗುವ ಸುಸ್ತನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಕುಮಾರವ್ಯಾಸ. ತನ್ನ ಭಾರತದ ಪೀಠಿಕೆಯಲ್ಲಿ ಅವನು ಹೇಳುವುದು ಹೆಚ್ಚುಕಡಿಮೆ ಹೀಗೆ: ರಾಮಾಯಣ ಬರೆದ ಕವಿಗಳ ಹೊರೆಯಿಂದ ಭೂಮಿಯನ್ನು ಹೊತ್ತ ಫಣಿರಾಯನೇ ಏದುಸಿರು ಬಿಡುತ್ತಿದ್ದಾನೆ, ರಾಮನ ಕಥೆಯಲ್ಲಿ ಇನ್ನು ಕಾಲಿಡಲೂ ಜಾಗವಿಲ್ಲ. ಹದಿನೈದನೇ ಶತಮಾನದ ಈ ದೂರು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಯಾಕೆಂದರೆ ಹೀಗೆ ದೂರಿದವನು ಸುಮ್ಮನೆ ಕೂರಲಿಲ್ಲ. ಪಂಪ, ರನ್ನರು ಆಗಲೇ ಬರೆದು ಮುಗಿಸಿದ್ದ ಭಾರತವನ್ನು ಎತ್ತಿಕೊಂಡು ಹತ್ತು ಪರ್ವ ಬರೆದ. ಗದಾಪರ್ವಕ್ಕೆ ಅವನು ನಿಲ್ಲಿಸಿದ್ದನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಮುಂದುವರಿಸಿದ. ಇತ್ತ ರಾಮಾಯಣವೂ ನಿಲ್ಲಲಿಲ್ಲ. ತೊರವೆಯ ನರಹರಿ ಬರೆದ, 1949ರಲ್ಲಿ ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕೊಟ್ಟರು. ಫಣಿರಾಯ ಇನ್ನೂ ಹೊತ್ತೇ ಇದ್ದಾನೆ.

ಅಂದರೆ ಸುಸ್ತು ಮತ್ತು ಹಸಿವು ಎರಡು ಬೇರೆ ಬೇರೆ ಓದುಗರ ಗುಣಗಳಲ್ಲ. ಒಂದೇ ತಲೆಯಲ್ಲಿ, ಕೆಲವೊಮ್ಮೆ ಒಂದೇ ಪದ್ಯದಲ್ಲಿ ಎರಡೂ ಇರುತ್ತವೆ.

ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹಗಲು ನನ್ನ ಕೆಲಸ ಜೈಮಿನಿ ಭಾರತದಿಂದ ಹುಟ್ಟಿದ ಯಕ್ಷಗಾನ ಪ್ರಸಂಗಗಳ ಜೊತೆ. ರಾತ್ರಿಯ ಓದು ಬೇರೆ. ಸಿನಿಮಾ, ಆಟ, ಟಿವಿ ಸರಣಿಗಳ ಲೋಕಗಳಿಗೆ ಜೋಡಿಸಿ ಬರೆಯುವ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಗಳು ಅವು. ಇವಕ್ಕೆ 'ಟೈ-ಇನ್' ಎನ್ನುತ್ತಾರೆ. ಲೋಕ ಒಂದು ಕಂಪನಿಯದು, ಬರೆಯುವವರು ಹತ್ತಾರು ಜನ, ಪಾತ್ರಗಳು ಯಾವ ಲೇಖಕನ ಸ್ವಂತದ್ದೂ ಅಲ್ಲ. ವಿಮರ್ಶೆಯ ಪಠ್ಯಗಳಲ್ಲಿ ಇವಕ್ಕೆ ಜಾಗವಿಲ್ಲ. ಆದರೆ ನನ್ನ ವಯಸ್ಸಿನ ಎಷ್ಟೋ ಕನ್ನಡದ ಹುಡುಗ ಹುಡುಗಿಯರು ಫೋನಿನಲ್ಲಿ, ಕಿಂಡಲ್‌ನಲ್ಲಿ ಓದುತ್ತಿರುವುದು ಇವನ್ನೇ. ಓದಿ ಖುಷಿಪಡುವವರೂ ಅವರೇ, ಓದಿ ದಣಿದು ಬೈಯುವವರೂ ಅವರೇ.

ಇವುಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು 'ಹೋರಸ್ ಹೆರೆಸಿ'. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಪುಟ್ಟ ಗೊಂಬೆಸೈನ್ಯದ ಆಟ ತಂದಿತು. ಆ ಆಟದ ಲೋಕಕ್ಕೊಂದು ಪೂರ್ವಕಥೆ ಬೇಕಿತ್ತು. ಸಾಮ್ರಾಟನ ಪ್ರೀತಿಯ ಮಗ ಹೋರಸ್ ತಂದೆಯ ವಿರುದ್ಧ ದಂಗೆ ಏಳುತ್ತಾನೆ, ಅಣ್ಣತಮ್ಮಂದಿರು ಇಬ್ಭಾಗವಾಗುತ್ತಾರೆ, ಕೊನೆಗೆ ತಂದೆ ಮಗನನ್ನು ಕೊಂದು ತಾನೂ ಜೀವಚ್ಛವವಾಗಿ ಸಿಂಹಾಸನದ ಮೇಲೆ ಉಳಿಯುತ್ತಾನೆ. ಆಟದ ಕೈಪಿಡಿಗಳಲ್ಲಿ ಇದೆಲ್ಲ ಕೆಲವೇ ಪುಟಗಳಲ್ಲಿ ಮುಗಿದಿತ್ತು. 2006ರಲ್ಲಿ ಡಾನ್ ಆಬ್ನೆಟ್ ಅದನ್ನು ಕಾದಂಬರಿಯಾಗಿ ಶುರುಮಾಡಿದ. ಆಮೇಲೆ ಬೇರೆ ಬೇರೆ ಲೇಖಕರು ಸೇರಿ, ಕಥಾಸಂಕಲನಗಳನ್ನೂ ಎಣಿಸಿದರೆ, 2019ರ ಹೊತ್ತಿಗೆ 54 ಸಂಪುಟಗಳಾದವು. ಅಷ್ಟಾದರೂ ಯುದ್ಧ ರಾಜಧಾನಿಯ ಬಾಗಿಲಿಗಷ್ಟೇ ಬಂದಿತ್ತು. ಮುತ್ತಿಗೆಯ ಕಥೆಗೆ ಬೇರೆಯೇ ಸರಣಿ ಬಂತು. ಅದರ ಕೊನೆಯ ಪುಸ್ತಕದ ಹೆಸರಿನಲ್ಲೇ 'ಅಂತ್ಯ' ಇದೆ, ಆದರೆ ಆ ಅಂತ್ಯವೂ ಒಂದು ಪುಸ್ತಕದಲ್ಲಿ ಹಿಡಿಯದೆ ಮೂರು ಸಂಪುಟವಾಯಿತು. ಮೂರನೆಯದು ಬಂದದ್ದು 2024ರ ಜನವರಿಯಲ್ಲಿ. ಕಿರುಕಾದಂಬರಿಗಳನ್ನು ಬಿಟ್ಟು ಎಣಿಸಿದರೆ ಒಟ್ಟು 64 ಸಂಪುಟ, ಹದಿನೆಂಟು ವರ್ಷ.

ನನ್ನ ಪ್ರಶ್ನೆ ಸಣ್ಣದು. ಹೀಗೊಂದು ಕಥೆಯನ್ನು ಪ್ರೀತಿಸಿದ ಓದುಗ ಆ ಕಥೆಗೆ ಏನು ಸಲ್ಲಿಸಬೇಕು? ಕೊನೆಯವರೆಗೂ ಓದುವುದು ಅವನ ಮೇಲಿರುವ ಋಣವೇ? ನಡುವೆ ಎದ್ದು ಹೋದರೆ ಅದಕ್ಕೆ ದ್ರೋಹ ಎನ್ನಬೇಕೇ?

ಮೊದಲು ಖುಷಿಯ ವಿಚಾರ. ಇಂಥ ಪುಸ್ತಕಗಳನ್ನು ಹೊರಗಿನಿಂದ ನೋಡುವವರು ಕೇಳುವ ಪ್ರಶ್ನೆ ಒಂದೇ: "ಕೊನೆ ಗೊತ್ತಿದ್ದ ಮೇಲೆ ಏನು ಓದೋದು?" ಯಕ್ಷಗಾನದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆಯೇ ವಿಚಿತ್ರ. ಹೊನ್ನಾವರದಲ್ಲೋ ಅಂಕೋಲೆಯಲ್ಲೋ 'ಗದಾಯುದ್ಧ' ನೋಡಲು ಕೂತವರು ಯಾರೂ ಕೌರವ ಗೆದ್ದರೆ ಹೇಗೆ ಎಂದು ಕಾತರಿಸುವುದಿಲ್ಲ. ಇವತ್ತಿನ ಕೌರವ ಕೊಳದಿಂದ ಎದ್ದು ಬರುವಾಗ ಏನು ಮಾತಾಡುತ್ತಾನೆ ಎಂಬುದು ಅವರ ಕಾತರ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪ್ರಸಂಗದ ಪದ್ಯಗಳು ಗೊತ್ತು, ಕಥೆ ಗೊತ್ತು, ಸಾಯುವವನು ಯಾರೆಂದು ಗೊತ್ತು. ಆದರೂ ಅರ್ಥಧಾರಿಯ ಮಾತಿಗಾಗಿ ಜನ ಗಂಟೆಗಟ್ಟಲೆ ಕೂರುತ್ತಾರೆ. ಕೊನೆ ಮೊದಲೇ ಗೊತ್ತಿರುವುದರಿಂದಲೇ ನಮ್ಮ ಗಮನ 'ಮುಂದೇನು' ಎಂಬುದನ್ನು ಬಿಟ್ಟು 'ಹೇಗೆ, ಯಾಕೆ' ಎನ್ನುವುದರ ಕಡೆ ಹರಿಯುತ್ತದೆ.

ಹೋರಸ್‌ನ ಸರಣಿಯಲ್ಲೂ ಇದೇ ಸುಖವಿದೆ. ಪ್ರಾಸ್ಪೆರೊ ಎಂಬ ಗ್ರಹ ಸುಟ್ಟುಹೋಗುತ್ತದೆ ಎಂದು ಓದುಗನಿಗೆ ಮೊದಲೇ ಗೊತ್ತು. ಅದನ್ನು ಒಬ್ಬ ಲೇಖಕ ಸುಟ್ಟುಹೋದವರ ಕಡೆಯಿಂದ ಬರೆದ, ಇನ್ನೊಬ್ಬ ಸುಡಲು ಬಂದವರ ಕಡೆಯಿಂದ ಬರೆದ. ಎರಡನ್ನೂ ಓದಿದ ಮೇಲೆ ಯಾರ ಮೇಲೂ ಪೂರ್ತಿ ಸಿಟ್ಟು ಉಳಿಯುವುದಿಲ್ಲ. ನಮ್ಮಲ್ಲಿ ಪಂಪ ಕರ್ಣನ ಕಡೆಯಿಂದ ಯೋಚಿಸಿದಾಗ, ರನ್ನ ದುರ್ಯೋಧನನ ಕಡೆ ವಾಲಿದಾಗ ಆದದ್ದೂ ಇದೇ.

ಇನ್ನೊಂದು ಸುಖ ಪಕ್ಕದ ಬಾಗಿಲುಗಳದ್ದು. ಲಕ್ಷ್ಮೀಶನ 'ಜೈಮಿನಿ ಭಾರತ' ನೋಡಿ. ಕುರುಕ್ಷೇತ್ರ ಮುಗಿದಿದೆ, ಹೇಳಬೇಕಾದ ದೊಡ್ಡ ಕಥೆ ತೀರಿದೆ. ಧರ್ಮರಾಯ ಅಶ್ವಮೇಧ ಮಾಡುತ್ತಾನೆ, ಕುದುರೆ ಊರೂರು ಸುತ್ತುತ್ತದೆ, ಅರ್ಜುನ ಅದರ ಹಿಂದೆ. ಕುದುರೆ ನಿಂತಲ್ಲೊಂದು ಕಥೆ. ಇಂದಿನ ಟೈ-ಇನ್ ಕಾದಂಬರಿಗಳ ಕಟ್ಟಡ ಪೂರಾ ಇದೇ. ಹಾಗೆಂದು ಅವು ತುಂಬಿಸಿದ ಕಥೆಗಳಷ್ಟೇ ಅಲ್ಲ. ಕಾದ ಎಣ್ಣೆಯ ಕೊಪ್ಪರಿಗೆಗೆ ಬೀಳುವ ಸುಧನ್ವ ಬಂದದ್ದು ಅಲ್ಲಿಂದ, ಚಂದ್ರಹಾಸ ಬಂದದ್ದು ಅಲ್ಲಿಂದ. ತಂದೆಯ ಎದುರೇ ಬಿಲ್ಲೆತ್ತುವ ಬಭ್ರುವಾಹನ ಅಲ್ಲಿಂದ ಪ್ರಸಂಗಕ್ಕೆ ಹೋಗಿ, 1977ರಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಆಗಿ ಕರ್ನಾಟಕದ ಮನೆಮನೆಗೆ ಬಂದ. ನನ್ನ ಪ್ರಬಂಧದ ಮುಕ್ಕಾಲು ಪಾಲು ಈ ಪಕ್ಕದ ಬಾಗಿಲಿನಿಂದ ಒಳಗೆ ಬಂದವರದ್ದೇ. 'ಸ್ಟಾರ್ ವಾರ್ಸ್' ಲೋಕದಲ್ಲಿ ಥ್ರಾನ್ ಎಂಬ ನೀಲಿಮೈಯ ಸೇನಾಪತಿ ಹೀಗೇ ಬಂದವನು. ಅವನು ಹುಟ್ಟಿದ್ದು ಸಿನಿಮಾದಲ್ಲಲ್ಲ, 1991ರಲ್ಲಿ ಟಿಮೊಥಿ ಜಾನ್ ಬರೆದ ಕಾದಂಬರಿಯಲ್ಲಿ.

ಹಾಗಾದರೆ ಸುಸ್ತು ಎಲ್ಲಿಂದ? ಉದ್ದ ಹೆಚ್ಚಾಯಿತು ಎಂಬುದು ಸುಲಭದ ಉತ್ತರ. ಆದರೆ ಉದ್ದವೇ ಕಾರಣವಾಗಿದ್ದರೆ ಭಾರತವನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಾರಣ ಬೇರೆ ಇದೆ. ಅದನ್ನು ಹೇಳಲು ನಮ್ಮೂರಿನ ಒಂದು ಓದನ್ನು ಹೇಳಬೇಕು.

ನಮ್ಮದು ಕಾರವಾರ ತಾಲೂಕಿನ ಹಣಕೋಣ. ಮನೆಮಾತು ಕೊಂಕಣಿ, ಶಾಲೆ ಕನ್ನಡ, ದೇವರ ಮುಂದಿನ ಓದು ಮರಾಠಿ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಶ್ರೀಧರ ಕವಿಯ 'ಪಾಂಡವಪ್ರತಾಪ'ದ ಪೋಥಿ ಹಿಡಿಯುತ್ತಿದ್ದರು. ಹಿರಿಯರೊಬ್ಬರು ಓದುವುದು, ಆಜಿ ಮತ್ತು ಓಣಿಯ ನಾಲ್ಕಾರು ಹೆಂಗಸರು ಕೇಳುವುದು. ಆ ಪೋಥಿಯಲ್ಲಿ 64 ಅಧ್ಯಾಯ. ಹೋರಸ್‌ನ 64 ಸಂಪುಟಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಈ ಕಾಕತಾಳೀಯ ನನ್ನ ತಲೆಯಿಂದ ಹೋಗುವುದಿಲ್ಲ. ಯಾಕೆಂದರೆ ಹಿಡಿದ ಪೋಥಿಯನ್ನು ನಡುವೆ ಬಿಡಬಾರದು ಎಂಬ ಕಟ್ಟು ಅಲ್ಲೂ ಇತ್ತು. ಬೇಸರವಾದರೂ, ಮಳೆ ಸುರಿದು ಕರೆಂಟು ಹೋದರೂ ಆ ದಿನದ ಅಧ್ಯಾಯ ಆಗಲೇಬೇಕು. ಕಡ್ಡಾಯವಿಲ್ಲದ ಓದು ಸುಖ, ಕಡ್ಡಾಯದ್ದು ಹಿಂಸೆ ಎಂದು ಸರಳವಾಗಿ ಹೇಳಿಬಿಡಲು ಆಜಿ ನನ್ನನ್ನು ಬಿಡುವುದಿಲ್ಲ. ಅವಳಿಗೆ ಕಡ್ಡಾಯವೂ ಇತ್ತು, ಸುಖವೂ ಇತ್ತು.

ವ್ಯತ್ಯಾಸ ಇಷ್ಟೇ. ಆಜಿಗೆ ಅಧ್ಯಾಯ 64 ಎಂದು ಮೊದಲ ದಿನವೇ ಗೊತ್ತಿತ್ತು. ಸಮಾಪ್ತಿ ಯಾವತ್ತು, ಅವತ್ತು ಯಾವ ಪಾಯಸ, ಯಾರನ್ನು ಊಟಕ್ಕೆ ಕರೆಯುವುದು ಎಲ್ಲವೂ ನಿಶ್ಚಯವಾಗಿತ್ತು. ಭಾಗವತ ಸಪ್ತಾಹವೆಂದರೆ ಏಳು ದಿನ, ಎಂಟಲ್ಲ. ಅಶ್ವಮೇಧದ ಕುದುರೆ ಕೂಡ ವರ್ಷ ತುಂಬಿದ ಮೇಲೆ ಮನೆಗೆ ಮರಳಬೇಕು. ಕೊನೆಯನ್ನು ಮೊದಲೇ ಹೇಳಿ ಕೇಳುವ ನಿಷ್ಠೆಯನ್ನು ಮನುಷ್ಯ ಹೊರಬಲ್ಲ. ನಮ್ಮೂರ ಸಾತೇರಿ ದೇವಿಯ ಗುಡಿಯ ಬಾಗಿಲು ವರ್ಷದಲ್ಲಿ ಏಳು ದಿನ ಮಾತ್ರ ತೆರೆಯುತ್ತದೆ. ಆ ಏಳು ದಿನ ಗೋವಾ, ಮಹಾರಾಷ್ಟ್ರಗಳಿಂದಲೂ ಜನ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಸಾಲು ಎಷ್ಟೇ ಉದ್ದವಿದ್ದರೂ ಯಾರಿಗೂ ಅದು ಹೊರೆಯಲ್ಲ, ಏಳನೆಯ ದಿನ ಬಾಗಿಲು ಮುಚ್ಚುತ್ತದೆಂದು ಎಲ್ಲರಿಗೂ ಗೊತ್ತು.

ಹೊಸ ಸರಣಿಗಳಲ್ಲಿ ಆಗುವುದು ಇದರ ತಿರುವು. ಕೊನೆ ಇದೆ ಎಂದು ಹೇಳಿ ಓದುಗನನ್ನು ಕೂರಿಸುತ್ತಾರೆ, ಆಮೇಲೆ ಕೊನೆಯನ್ನು ಮುಂದೆ ಮುಂದೆ ತಳ್ಳುತ್ತಾರೆ. ಒಂದು ಕಡೆಯವರು ಮಾತ್ರ ಬದಲಾಯಿಸಬಹುದಾದ ಒಪ್ಪಂದ ಅದು. ಇಪ್ಪತ್ತು ಪುಸ್ತಕ ಓದಿದವನು ಇಪ್ಪತ್ತೊಂದನೆಯದನ್ನು ಕೊಳ್ಳುವುದು ಅದರ ಆಸೆಗಲ್ಲ, ಹಿಂದಿನ ಇಪ್ಪತ್ತು ವ್ಯರ್ಥವಾಗದಿರಲಿ ಎಂದು. ಆ ಗಳಿಗೆಯಲ್ಲಿ ಪ್ರೀತಿ ಬಾಕಿಯಾಗುತ್ತದೆ. ನನ್ನ ಅಂಕೋಲೆಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ರಾತ್ರಿಪಾಳಿಯ ಕೆಲಸದಲ್ಲಿದ್ದಾನೆ. ಈ ಸರಣಿಯನ್ನು ಯಾವ ಕ್ರಮದಲ್ಲಿ ಓದಬೇಕೆಂದು ಎಕ್ಸೆಲ್ ಹಾಳೆ ಮಾಡಿಟ್ಟುಕೊಂಡಿದ್ದ. ಓದಿದ್ದಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು. ಒಮ್ಮೆ ಆ ಹಾಳೆ ತೋರಿಸಿ, "ಇದು ಸೊಸೈಟಿ ಸಾಲದ ಪಾಸ್‌ಬುಕ್ ಥರ ಕಾಣ್ತದೆ ಮಾರಾಯ" ಎಂದ. ಸುಸ್ತಿನ ಬಗ್ಗೆ ನಾನು ಓದಿದ ಯಾವ ಸಿದ್ಧಾಂತಕ್ಕಿಂತಲೂ ಈ ಮಾತು ಸ್ಪಷ್ಟವಾಗಿತ್ತು.

ಋಣದ ಮಾತು ಬಂದದ್ದರಿಂದ ಇನ್ನೊಂದು ಕಡೆಯನ್ನೂ ನೋಡಬೇಕು. ಕಂಪನಿ ಓದುಗನಿಗೆ ಏನು ಸಲ್ಲಿಸುತ್ತದೆ? 1999ರಲ್ಲಿ ಬಂದ ಒಂದು ಸ್ಟಾರ್ ವಾರ್ಸ್ ಕಾದಂಬರಿಯಲ್ಲಿ ಚ್ಯೂಬಾಕಾ ಸಾಯುತ್ತಾನೆ. ಗೆಳೆಯನ ಮಗನನ್ನು ಉಳಿಸಲು ಹೋಗಿ, ಬೀಳುತ್ತಿರುವ ಚಂದ್ರನ ಅಡಿಯಲ್ಲಿ ನಿಂತು ಸಾಯುತ್ತಾನೆ. ಆ ಕಥೆ 2003ರವರೆಗೆ 19 ಕಾದಂಬರಿಗಳಾಗಿ ಮುಂದುವರಿಯಿತು. ಓದುಗರು ಅತ್ತರು, ಜಗಳವಾಡಿದರು, ಆ ಸಾವನ್ನು ಹೊತ್ತುಕೊಂಡೇ ಉಳಿದ ಪುಸ್ತಕಗಳನ್ನು ಓದಿದರು. ಡಿಸ್ನಿ ಆ ಕಂಪನಿಯನ್ನು ಕೊಂಡ ಮೇಲೆ, 2014ರ ಏಪ್ರಿಲ್‌ನಲ್ಲಿ ಒಂದು ಪ್ರಕಟಣೆ ಬಂತು. ಹಿಂದಿನ ಆ ಕಾದಂಬರಿಗಳೆಲ್ಲ ಇನ್ನು ಅಧಿಕೃತ ಕಥೆಯಲ್ಲ, ಅವು 'ಲೆಜೆಂಡ್ಸ್', ಅಂದರೆ ದಂತಕಥೆಗಳು. ಮರುವರ್ಷದ ಸಿನಿಮಾದಲ್ಲಿ ಚ್ಯೂಬಾಕಾ ಆರಾಮಾಗಿ ಬದುಕಿದ್ದ.

ಹಾಗಾದರೆ ಆ ಅಳು ಸುಳ್ಳಾಯಿತೇ? ಇಲ್ಲಿ ನಮ್ಮ ಪರಂಪರೆ ನೆರವಿಗೆ ಬರುತ್ತದೆ ಎಂದು ನನಗನ್ನಿಸುತ್ತದೆ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ನಮ್ಮ ಮನೆಯ ಮರಾಠಿ ಪೋಥಿಯ ಕೃಷ್ಣನೇ ಬೇರೆ, ಶಾಲೆಯಲ್ಲಿ ಓದಿದ ಗದುಗಿನ ಭಾರತದ ಕೃಷ್ಣನೇ ಬೇರೆ, ಆಟದಲ್ಲಿ ನೋಡಿದ ಕೃಷ್ಣ ಇನ್ನೂ ಬೇರೆ. ಇವರಲ್ಲಿ ಯಾವನು ಅಧಿಕೃತ ಎಂದು ನಾವು ಮನೆಯಲ್ಲಿ ಕೇಳಲೇ ಇಲ್ಲ. ಒಂದು ಹೇಳಿಕೆ ಇನ್ನೊಂದನ್ನು ರದ್ದು ಮಾಡುವುದಿಲ್ಲ, ಪಕ್ಕದಲ್ಲಿ ಬಂದು ಕೂರುತ್ತದೆ. ಯಾವುದನ್ನು ಕೇಳಿದರೂ ಅದು ಅದರಷ್ಟಕ್ಕೇ ಪೂರ್ತಿ. 'ಸುಧನ್ವಾರ್ಜುನ' ನೋಡಲು ಹಿಂದಿನ ವಾರದ ಪ್ರಸಂಗ ನೋಡಿರಬೇಕಾಗಿಲ್ಲ.

ಹಾಗೆಂದು ನಮ್ಮಲ್ಲಿ ಎಲ್ಲವೂ ಮುಕ್ತ, ಅಲ್ಲೆಲ್ಲ ವ್ಯಾಪಾರ ಎಂದು ಬೀಗಲು ನಾನು ಸಿದ್ಧನಿಲ್ಲ. ಕಾವ್ಯಕ್ಕೆ ಇಲ್ಲೂ ಅರಸರ ಹಂಗಿತ್ತು, ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸಮನಾಗಿ ನಿಲ್ಲಿಸಿಯೇ ಬರೆದ. ಆಟಗಳಿಗೂ ಟಿಕೆಟ್ಟಿನ ಲೆಕ್ಕಾಚಾರವಿದೆ, ಬೆಳಗಿನವರೆಗೆ ಕೂರಲಾರದ ಜನಕ್ಕಾಗಿ ಕಾಲಮಿತಿ ಯಕ್ಷಗಾನ ಬಂದಿದೆ. ವ್ಯತ್ಯಾಸವೆಂದರೆ ಕಥೆಗೆ ನೋಂದಾಯಿತ ಮಾಲೀಕನಿರಲಿಲ್ಲ. ಮಾಲೀಕತ್ವದ ಪೆಟ್ಟು ಓದುಗನಿಗಿಂತ ಮೊದಲು ಬೀಳುವುದು ಬರೆದವನಿಗೆ. ಸ್ಟಾರ್ ವಾರ್ಸ್ ಲೋಕದ ಮೊದಲ ಕಾದಂಬರಿಗಳನ್ನು ಬರೆದ ಆಲನ್ ಡೀನ್ ಫಾಸ್ಟರ್, ತನ್ನ ಪುಸ್ತಕಗಳ ರಾಯಧನ ಬರುತ್ತಿಲ್ಲವೆಂದು 2020ರಲ್ಲಿ ಬಹಿರಂಗ ಪತ್ರ ಬರೆಯಬೇಕಾಯಿತು. ಡಿಸ್ನಿ ಹಕ್ಕುಗಳನ್ನು ಕೊಂಡಿದ್ದೇನೆ, ಬಾಧ್ಯತೆಗಳನ್ನಲ್ಲ ಎನ್ನುತ್ತಿದೆ ಎಂದು ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ದೂರಿತು. ಹಕ್ಕು ಬೇಕು, ಋಣ ಬೇಡ ಎಂಬ ಈ ನಿಲುವನ್ನು ಒಂದು ಕಡೆಯಿಟ್ಟು, ಇನ್ನೊಂದು ಕಡೆ ಪುಸ್ತಕ ಬಿಟ್ಟುಬಿಟ್ಟೆನೆಂದು ಅಪರಾಧ ಪ್ರಜ್ಞೆಯಿಂದ ಬಳಲುವ ಓದುಗನನ್ನು ಇಟ್ಟು ನೋಡಿ. ಋಣವೆಲ್ಲ ಒಂದೇ ತಟ್ಟೆಯಲ್ಲಿ ಬಿದ್ದಿದೆ.

ನಾನು ಹೋರಸ್‌ನ ಸರಣಿಯನ್ನು 19ನೆಯ ಸಂಪುಟಕ್ಕೆ ನಿಲ್ಲಿಸಿದೆ. ಅದು ಕೆಟ್ಟ ಪುಸ್ತಕವಲ್ಲ, ಓದಿದವುಗಳಲ್ಲೇ ಒಳ್ಳೆಯದು. ಆದ್ದರಿಂದಲೇ ಅಲ್ಲಿ ನಿಲ್ಲಿಸಿದೆ. ನಾನಿದನ್ನು ಹೇಳಿದಾಗ ಗೆಳೆಯ ಒಪ್ಪಲಿಲ್ಲ. "ನಿಂಗೆ ಬಿಡೋದು ಸಸಾರ. ವಾಪಸ್ ಹೋಗೋಕೆ ಭಾರತ ಅದೆ, ಆಟ ಅದೆ. ರಾತ್ರಿ ಮೂರು ಗಂಟೆಗೆ ಆ ಖಾಲಿ ಆಫೀಸಲ್ಲಿ ನಂಗೆ ಇದೇ ಭಾರತ" ಎಂದ. ಈ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ದೊಡ್ಡ ಲೋಕವೊಂದು ಕೊಡುವ ಜೊತೆ ನಿಜವಾದದ್ದು. ಸಾಧಾರಣ ಪುಸ್ತಕವೂ ಪರಿಚಿತ ಹೆಸರುಗಳಿಂದ ಮನೆಯಂತಾಗುತ್ತದೆ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಗೋಕರ್ಣದ ಬಳಿಯ ತಮ್ಮ ಹನೇಹಳ್ಳಿಗೆ ಕಥೆಯಿಂದ ಕಥೆಗೆ ಮರಳಿದರಲ್ಲ, ಓದುಗರಿಗೂ ಅಂಥ ಮರಳುವ ಜಾಗ ಬೇಕು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿರುವವನ ಹನೇಹಳ್ಳಿ ಹತ್ತು ಸಾವಿರ ಜ್ಯೋತಿರ್ವರ್ಷ ದೂರದ ಗ್ರಹವಾಗಿದ್ದರೆ ನಗುವುದಕ್ಕೆ ನಾನ್ಯಾರು?

ಅವನ ಮಾತನ್ನು ಒಪ್ಪಿಕೊಂಡೇ ಒಂದು ಗೆರೆ ಎಳೆಯಬಹುದು ಎಂದುಕೊಂಡಿದ್ದೇನೆ. ಮರಳಿ ಹೋಗುವುದು ಬೇರೆ, ಬಾಕಿ ತೀರಿಸುವುದು ಬೇರೆ. ಮರಳಿ ಹೋಗುವವನು ತನಗೆ ಬೇಕಾದ ಬಾಗಿಲಿನಿಂದ ಹೋಗುತ್ತಾನೆ, ಓದಿದ್ದನ್ನೇ ಮತ್ತೆ ಓದುತ್ತಾನೆ, ಬೇಡದ್ದನ್ನು ಬಿಡುತ್ತಾನೆ. ಬಾಕಿ ತೀರಿಸುವವನಿಗೆ ಮುಂದಿನದು ಮಾತ್ರ ಕಾಣುತ್ತದೆ. ಓದುಗ ಕಥೆಗೆ ಸಲ್ಲಿಸಬೇಕಾದದ್ದು ಗಮನ. ಓದುತ್ತಿರುವಷ್ಟು ಹೊತ್ತು ಪ್ರಾಮಾಣಿಕವಾದ ಗಮನ ಕೊಟ್ಟಿದ್ದರೆ ಅವನ ಋಣ ಆ ಪುಟದಲ್ಲೇ ಸಂದಿದೆ. ಮುಂದಿನ ಸಂಪುಟದ ಮೇಲೆ ಯಾರೂ ಅವನ ಹೆಸರು ಬರೆದಿಟ್ಟಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಮತ್ತೆ ಮತ್ತೆ ಬಂದಾಗ ಬಾಳೆಲೆಗೆ ಕೈ ಅಡ್ಡ ಹಿಡಿದು 'ಸಾಕು' ಎನ್ನುತ್ತೇವೆ. ಅದನ್ನು ಅಡುಗೆಯವರಿಗೆ ಮಾಡಿದ ಅವಮಾನವೆಂದು ಯಾರೂ ತಿಳಿಯುವುದಿಲ್ಲ. ಹೊಟ್ಟೆ ತುಂಬ ಉಂಡವನೇ ಆ ಮಾತನ್ನು ಸಮಾಧಾನದಿಂದ ಹೇಳಬಲ್ಲ. ತಿನ್ನಲಾರದೆ ತಿಂದು, ಎದ್ದು ಹೋಗಿ ಅಡುಗೆಯನ್ನು ಬೈಯುವವನಿಗಿಂತ ಅವನು ಒಳ್ಳೆಯ ಅತಿಥಿ.

ಇದರಲ್ಲಿ ನನಗೆ ರನ್ನ ಗುರು. 'ಗದಾಯುದ್ಧ'ದಲ್ಲಿ ಅವನು ಭಾರತವನ್ನು ಮೊದಲಿನಿಂದ ಹೇಳುವುದಿಲ್ಲ. ಕೊನೆಯ ಒಂದು ಕಾಳಗದಲ್ಲಿ ನಿಂತು, ಸಿಂಹ ತಿರುಗಿ ನೋಡುವ ಹಾಗೆ ಹಿಂದಿನದ್ದನ್ನೆಲ್ಲ ನೋಡುತ್ತಾನೆ. ಸಿಂಹಾವಲೋಕನ ಎಂದು ನಾವು ತರಗತಿಯಲ್ಲಿ ಕಲಿಯುವುದು ಅದನ್ನೇ, ಕಾವ್ಯದ ತಂತ್ರವೆಂದು. ಓದುಗನಿಗೂ ಆ ಹಕ್ಕಿದೆ ಎಂದು ನಾನು ಸೇರಿಸುತ್ತೇನೆ. ನಿಂತ ಜಾಗದಿಂದ ಹಿಂದಿರುಗಿ ನೋಡಿ, ನನಗೆ ಸಿಕ್ಕ ಕಥೆ ಇಷ್ಟು, ಇದು ಪೂರ್ತಿ ಎನ್ನುವ ಹಕ್ಕು. ಅದನ್ನು ಅಧಿಕೃತವೆಂದು ಘೋಷಿಸಲು ಯಾವ ಕಂಪನಿಯ ಪ್ರಕಟಣೆಯೂ ಬೇಕಿಲ್ಲ. 1999ರಲ್ಲಿ ಚ್ಯೂಬಾಕಾನಿಗಾಗಿ ಅತ್ತವರ ಪಾಲಿಗೆ ಅವನು ಸತ್ತದ್ದು ನಿಜ, ಆ ಅಳುವೂ ನಿಜ.

ಗೆಳೆಯ 64ನೆಯ ಸಂಪುಟದವರೆಗೂ ಬಂದ. ಕೊನೆಯದನ್ನು ಕೊಂಡುತಂದು ಇಟ್ಟಿದ್ದಾನೆ, ಇನ್ನೂ ತೆರೆದಿಲ್ಲ. ಹಾಳೆಯಲ್ಲಿ ಆ ಒಂದು ಚೌಕ ಕೆಂಪಾಗಿಯೇ ಇದೆ. ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡು, ಅದೊಂದು ನನ್ನ ಕೈಲೇ ಇರ್ಲಿ" ಎನ್ನುತ್ತಾನೆ.